ಮಗಳ ಡಾಕ್ಟರು ನಿನ್ನ ಬಗ್ಗೆ ಕೇಳಿದರು

ಅನಸೂಯಕ್ಕ,

ಇವತ್ತು ಆಫೀಸಿಗೆ ರಜೆ ಹಾಕಿ ಮಗಳು ನಿವೇದಿತಾಳನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎರಡು ತಿಂಗಳಿಂದ ಅವಳು ಕಾಲೇಜಿಗೆ ಹೋಗಿಲ್ಲ. ತಲೆ ಬಾಚಿಕೊಳ್ಳುವುದೂ ಬೇಡವಾಗಿದೆ. ದಿಲ್ಲಿಯ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿನಿಂದ ಆಸ್ಪತ್ರೆಗೆ ಮೆಟ್ರೋದಲ್ಲಿ ಇಪ್ಪತ್ತೇ ನಿಮಿಷ.

“ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ?” ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ನಾನು ಇಲ್ಲ ಎನ್ನುವಷ್ಟರಲ್ಲಿ ನಿವೇದಿತಾಳೇ, “ಅನಸೂಯಾ ಅತ್ತೆಗೆ ಆಗಿತ್ತು. ಅವರು ಈಗಿಲ್ಲ” ಎಂದಳು.

“ಏನು ಚಿಕಿತ್ಸೆ ಕೊಡಿಸಿದ್ದಿರಿ?”

ನಮ್ಮೂರ ಕಡೆ ದೊಡ್ಡಾಸ್ಪತ್ರೆಗೆ ಮನೋವೈದ್ಯರು ತಿಂಗಳಿಗೊಮ್ಮೆ ಬರುತ್ತಿದ್ದರು, ಅಲ್ಲಿಗೂ ಬಸ್ಸಿನಲ್ಲಿ ನಾಲ್ಕು ಗಂಟೆ ಹೋಗಬೇಕಿತ್ತು ಎಂದೆ. ಅದು ಸುಳ್ಳಲ್ಲ. “ತಮ್ಮಾ, ದಿಲ್ಲ್ಯಾಗ ಚಲೋ ಡಾಕ್ಟರ್ ಇರ್ತಾರಂತ, ಬರ್ಲೇನು?” ಎಂದು ನೀನು ಫೋನಿನಲ್ಲಿ ಕೇಳಿದ್ದನ್ನು ಮಾತ್ರ ಹೇಳಲಿಲ್ಲ.

ವಾಪಸು ಬರುವಾಗ ಮೆಟ್ರೋದಲ್ಲಿ ನಿವೇದಿತಾ, “ಪಪ್ಪಾ, ಅತ್ತೇನ ಇಲ್ಲಿಗೆ ಯಾಕೆ ಕರೆಸಲಿಲ್ಲ?” ಎಂದಳು.

“ನಡಿ, ಸ್ಟೇಷನ್ ಬಂತು” ಎಂದು ಎದ್ದುಬಿಟ್ಟೆ.

ನಮ್ಮದು ಬರಲು ಇನ್ನೂ ಎರಡು ಸ್ಟೇಷನ್ ಇತ್ತು. ಅವಳಿಗೂ ಗೊತ್ತಿತ್ತು. ಆದರೂ ನನ್ನ ಜೊತೆ ಇಳಿದಳು. ಬಿಸಿಲಲ್ಲಿ ಮನೆಯವರೆಗೂ ನಡೆದೇ ಬಂದೆವು.

ನಿನ್ನ ತಮ್ಮ