ಬಸವಣ್ಣನ ಮುಂದಿನ ದೀಪ

25-7-98, ಶನಿವಾರ

ಇವತ್ತೂ ಎರಡು ಡೈನಮೊ, ಒಂದು ವೈಪರ್ ಮೋಟರ್. ಸೊಂಟ ಬಿದ್ದುಹೋಯಿತು. ಸಂಜೆ ಮಾಲತೇಶ ತನ್ನ ಸಾವ್ಕಾರರ ಹಳೇ ಅಂಬಾಸಿಡರ್ ತಂದ. ಗೋಕುಲ ರಸ್ತೆಯಲ್ಲಿ ನಾನು ಅಂಗಡಿ ತೆರೆದಾಗ ಮೊದಲ ಗಿರಾಕಿ ಕರೆತಂದ ಡ್ರೈವರ್ ಅವನೇ. ಸಾವ್ಕಾರರು ಅಂದರೆ ಹತ್ತಿ ವ್ಯಾಪಾರದ ಮಹಾಂತಯ್ಯ. ಹಿಂದಿನ ಸೀಟಿನಲ್ಲಿ ಅವರ ತಾಯಿ ದಾನವ್ವ. ಶ್ರಾವಣ ಬಂತಲ್ಲ — ಸೋಮವಾರಕ್ಕೊಮ್ಮೆ ಅವರನ್ನು ಮಠಕ್ಕೆ ಒಯ್ಯಲಷ್ಟೇ ಈ ಗಾಡಿ ಹೊರಬೀಳುವುದು. ಡ್ಯಾಶ್‌ಬೋರ್ಡ್ ಮೇಲಿನ ಬಸವಣ್ಣನ ಮುಂದೆ ಒಂದು ಬಲ್ಬ್ ಬೇಕಂತೆ. ಕೀಲಿ ಸ್ವಿಚ್ಚಿನ ವೈರಿಗೆ ಕೂಡಿಸಿದೆ.

"ಗಾಡಿ ಬಂದ್ ಮಾಡಿದ್ರ ದೀಪಾನೂ ಆರತೈತೇನಪಾ? ಶ್ರಾವಣದಾಗ ದೇವರ ಮುಂದ ಕತ್ತಲಿ ಮಾಡಬ್ಯಾಡ" ಎಂದರು ದಾನವ್ವ.

ಬಿಚ್ಚಿ, ನೇರ ಬ್ಯಾಟರಿಗೇ ಕೊಟ್ಟೆ. ದೇವರ ಕೆಲಸ, ಕೂಲಿ ಬೇಡ ಎಂದೆ.

3-8-98, ಸೋಮವಾರ

ಬೆಳಿಗ್ಗೆ ಅಂಬಾಸಿಡರ್ ಚಾಲೂ ಆಗಲಿಲ್ಲವಂತೆ. ನೂಕಿಕೊಂಡೇ ತಂದರು. ಬ್ಯಾಟರಿ ಪೂರ್ತಿ ಡೌನ್. ಡೈನಮೊ ಸರಿ ಇದೆ, ಆಸಿಡ್ ಸರಿ ಇದೆ. ಚಾರ್ಜ್ ಮಾಡಿ ಕಳಿಸಿದೆ. ದಾನವ್ವನ ಮಠ ತಪ್ಪಿತು.

10-8-98, ಸೋಮವಾರ

ಮತ್ತೆ ಅದೇ. ಇವತ್ತು ಮಹಾಂತಯ್ಯನವರೇ ಬಂದರು, ಮುಖ ಕೆಂಪಗೆ. "ಎರಡು ಸೋಮವಾರ ಹೋದ್ವು. ಅವ್ವ ಊಟಾ ಬಿಟ್ಟಾಳ. ಏನ್ ರಿಪೇರಿ ಮಾಡ್ತಿ ಪರಮೇಶ?"

ತಿಳಿಯಲಿಲ್ಲ ಎಂದುಬಿಡಬಹುದಿತ್ತು. "ಬ್ಯಾಟರಿ ಛಲೋ ಐತ್ರಿ ಸಾವ್ಕಾರ್ರ. ಯಾರರ ಏನರ ಹಚ್ಚಿ ಬಿಟ್ಟಿರ್ತಾರ್ರಿ" ಎಂದೆ.

ಮಾಲತೇಶ ಮಧ್ಯಾಹ್ನ ಗಾಡಿಯಲ್ಲಿ ಕುಳಿತು ಟೇಪ್ ಕೇಳುತ್ತಾನೆ. ನನಗೂ ಗೊತ್ತು, ಅವರಿಗೂ ಗೊತ್ತು. ಅವರು ಅವನತ್ತ ತಿರುಗಿದರು.

"ಬಂದ್ ಮಾಡೇ ಇಳಿತೇನ್ರಿ. ಶಿವನಾಣಿ" ಎಂದ.

"ಕೀಲಿ ಕೊಡು" ಎಂದರು. ಅಷ್ಟೇ. ಅವನು ನನ್ನ ಕಡೆ ನೋಡಿದ. ನಾನು ಸ್ಪ್ಯಾನರ್ ಹುಡುಕುತ್ತಿದ್ದೆ.

11-8-98, ಮಂಗಳವಾರ

ಗಾಡಿ ನನ್ನಲ್ಲೇ ಇದೆ. ಚಾರ್ಜ್ ಮಾಡಿ, ಎಲ್ಲ ಬಂದ್ ಮಾಡಿ, ಮೀಟರ್ ಇಟ್ಟೆ. ಮುಳ್ಳು ಸರಿಯಿತು! ಕರೆಂಟ್ ಎಲ್ಲೋ ಹೋಗುತ್ತಿದೆ. ಟೇಪ್ ಕಿತ್ತೆ — ಹಾಗೇ ಇದೆ. ಫ್ಯೂಸ್ ತೆಗೆದೆ — ಹಾಗೇ. ಹಾರ್ನ್, ಡಿಕ್ಕಿಯ ಲೈಟು… ಹಾಗೇ. ಬೆವರು ಒರೆಸಿಕೊಂಡು ತಲೆ ಎತ್ತಿದೆ. ಎದುರಿಗೆ ಬಸವಣ್ಣ. ಮುಂದೆ ದೀಪ ಉರಿಯುತ್ತಿದೆ.

ಬಲ್ಬ್ ಬಿಚ್ಚಿದೆ. ಮುಳ್ಳು ಸೊನ್ನೆಗೆ ಬಂತು.

ನಾನೇ ಹಾಕಿದ ವೈರು. ಇಷ್ಟು ದಿನ ಕಣ್ಣೆದುರೇ ಉರಿದಿದೆ. ಎಲ್ಲರೂ ಕೈಮುಗಿದಿದ್ದೇವೆ, ನಾನೂ. ದೇವರ ದೀಪ ಬ್ಯಾಟರಿ ತಿನ್ನುತ್ತದೆಂದು ಯಾರಿಗೂ ಹೊಳೆಯಲಿಲ್ಲ. ಅವರಿಗೆ ಹೊಳೆಯದಿದ್ದರೆ ನಡೆದೀತು, ನನಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ.

12-8-98

ಹೇಳಲಿಲ್ಲ. ಹಳೇ ಟೇಪಿನ ಸಣ್ಣ ಕೆಂಪು ಎಲ್‌ಇಡಿ ಹಾಕಿದೆ. ತಿಂಗಳು ಉರಿದರೂ ಬ್ಯಾಟರಿಗೆ ಗೊತ್ತಾಗದು. "ಹಳೇ ಬಲ್ಬ್ ಹೋಗಿತ್ರಿ ಅವ್ವಾರ" ಎಂದೆ. ಆ ಮುದುಕಿಗೆ ಸುಳ್ಳು ಹೇಳಿ ಬಂದೆ. ನಾಚಿಕೆಯಾಗುತ್ತಿದೆ.

17-8-98, ಸೋಮವಾರ

ಮಹಾಂತಯ್ಯ ಹೊಸ ಡ್ರೈವರ್ ಜೊತೆ ಬಂದು ಪ್ರಸಾದ ಕೊಟ್ಟರು. "ನೀ ಹೇಳಿದ್ದ ಖರೇ ಆತ ನೋಡು. ಅಂವ ಹೋದ, ಗಾಡಿ ನೆಟ್ಟಗಾತು."

ಇದನ್ನು ಯೋಚಿಸಿಯೇ ಇರಲಿಲ್ಲ. ಗಾಡಿ ಸರಿಯಾದಷ್ಟೂ ಅವನೇ ಕಳ್ಳ. ಪ್ರಸಾದ ಕಾಗದದಲ್ಲಿ ಕಟ್ಟಿ ಪಕ್ಕಕ್ಕಿಟ್ಟೆ.

20-8-98

ಮಾಲತೇಶ ಬಂದಿದ್ದ. ಗಬ್ಬೂರ ಬೈಪಾಸಿನಲ್ಲಿ ಲಾರಿ ತೊಳೆಯುತ್ತಾನಂತೆ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆ.

"ನಾ ಬಿಟ್ಟ ಮ್ಯಾಲ ಗಾಡಿ ಒಮ್ಮೀನೂ ನಿಂತಿಲ್ಲಂತ. ನಂದ ತಪ್ಪ ಇರಬೇಕಲೇ ಪರಮ್ಯಾ. ಟೇಪ್ ಕೇಳಕೋಂತ ನಿದ್ದಿ ಹತ್ತಿರಬೇಕು. ನಿನ್ನ ಮ್ಯಾಲ ಸುಮ್ಮನ ಸಿಟ್ಟ ಮಾಡ್ಕೊಂಡಿದ್ದೆ."

ಚಹಾ ತರಿಸಿದೆ. ಚಹಾ ಕುಡಿಸಿ ಕಳಿಸಿದೆ, ಥೂ.

2-9-98

ಮಧ್ಯಾಹ್ನ ಕಾಳಿನ ವ್ಯಾಪಾರಿ ಕುಬೇರಪ್ಪ ಬಂದರು. ಹೊಸ ಗಾಡಿ ತಂದಿದ್ದಾರೆ. ಡ್ರೈವರ್ ಕೆಲಸ ಕೇಳಲು ಹೋದ ಮಾಲತೇಶ ನನ್ನ ಹೆಸರು ಹೇಳಿದ್ದಾನೆ — ಪರಮೇಶನನ್ನು ಕೇಳ್ರಿ ಎಂದು.

"ಅಂವ ಹೆಂಗ?"

"ಭಾಳ ಛಲೋ ಡ್ರೈವರ್ರಿ."

"ಹಂಗಾರ ಮಹಾಂತಯ್ಯ ಯಾಕ ಬಿಡಿಸಿದ್ರು?"

ಈಗ ಹೇಳು ಎಂದಿತು ಮನಸ್ಸು. ಇವರು ಮಹಾಂತಯ್ಯನವರ ಬೀಗರು, ಸಂಜೆಯೊಳಗೆ ಅಲ್ಲಿಗೆ ಮುಟ್ಟುತ್ತದೆ ಎಂದಿತು ಅದೇ ಮನಸ್ಸು.

"ಅದು… ನಂಗ ಗೊತ್ತಿಲ್ರಿ."

"ತಿಳೀತು ಬಿಡಪಾ" ಎಂದು ಎದ್ದು ಹೋದರು.

ಮಾಲತೇಶ ರಸ್ತೆಯಾಚೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಇಸ್ತ್ರಿ ಅಂಗಿ ಹಾಕಿದ್ದ. ಓಡಿ ಬಂದ. "ನನ್ನ ಬಗ್ಗೆ ಛಲೋನ ಹೇಳಿದಿ, ಹೌದಿಲ್ಲೋ?"

ಹೂಂ ಎಂದೆ. ನನ್ನ ಎರಡೂ ಕೈ ಹಿಡಿದುಕೊಂಡು ಅವನು ಕಣ್ಣಿಗೆ ಒತ್ತಿಕೊಂಡ.