ಅಂಗಿಗೆ ತಿಳಿಯದ್ದನ್ನು ನಾನು ಹೇಳಿಬಿಟ್ಟೆ

ಮಾನ್ಯ ಕಾರ್ಮಿಕ ಆಯುಕ್ತರೇ,

ಕೆಲಸಗಾರರ ಎದೆಬಡಿತವನ್ನು ಕ್ಷಣಕ್ಷಣಕ್ಕೂ ಮಾಲೀಕರ ಕಂಪ್ಯೂಟರಿಗೆ ಕಳಿಸುವ ಸ್ಮಾರ್ಟ್ ಅಂಗಿಯನ್ನು ತಾವು ‘ಸುರಕ್ಷತಾ ಸಾಧನ’ಗಳ ಪಟ್ಟಿಗೆ ಸೇರಿಸಿದ್ದೀರಿ. ಹೆಲ್ಮೆಟ್ಟು, ಕೈಗವಸು, ಅವುಗಳ ಪಕ್ಕದಲ್ಲಿ ಈ ಅಂಗಿ. ಪಟ್ಟಿಗೆ ಸೇರಿದ ಮೇಲೆ ಬೇಡವೆನ್ನುವ ಹಕ್ಕು ತೊಡುವವರಿಗಿಲ್ಲ. ಅದನ್ನು ಪಟ್ಟಿಯಿಂದ ತೆಗೆಯಿರಿ ಎಂದು ಕೇಳುವುದಕ್ಕೆ ಈ ಪತ್ರ. ಕೇಳುವ ಯೋಗ್ಯತೆ ನನಗಿದೆಯೇ ಎಂಬುದನ್ನು ಪೂರ್ತಿ ಓದಿ ತಾವೇ ತೀರ್ಮಾನಿಸಿ.

ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ನಾನು ಟೈಲರ್. ಹರಿದ ಹೊದಿಕೆಗಳನ್ನು ಹೊಲಿಯುತ್ತಿದ್ದವಳಿಗೆ ಈ ಅಂಗಿಗಳ ರಿಪೇರಿಯೂ ಬಂತು. ಎದೆಪಟ್ಟಿಯೊಳಗೆ ವಿದ್ಯುತ್ ಹರಿಯುವ, ಕೂದಲಿನಷ್ಟು ಸಣ್ಣ ನೂಲಿರುತ್ತದೆ. ಒಂದು ಹೊಲಿಗೆ ಸಡಿಲವಾದರೂ ಬಡಿತ ತಪ್ಪುತಪ್ಪಾಗಿ ಕಾಣುತ್ತದೆ. ನನ್ನ ಕೈಯಲ್ಲಿ ಒಂದೂ ತಪ್ಪಿರಲಿಲ್ಲ. ಅದರ ಜಂಬವೂ ಇತ್ತು.

ಇಸ್ತ್ರಿ ವಿಭಾಗದಲ್ಲಿ ಒಬ್ಬಳಿದ್ದಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಡಬ್ಬಿ ಬಿಚ್ಚಿದರೆ ಮೊದಲ ತುತ್ತು ನನಗೆ. ಎರಡು ಸಲ ಬಸುರಾಗಿ ಎರಡು ಸಲವೂ ಗರ್ಭ ನಿಂತಿರಲಿಲ್ಲ. ಒಂದು ದಿನ ಹೊಲಿಗೆ ಕೋಣೆಗೆ ಬಂದು ಬಾಗಿಲು ಮುಂದಕ್ಕೆಳೆದಳು.

“ಅಕ್ಕಾ, ಮತ್ತೆ ನಿಂತಿದೆ. ಮನೇಲಿ ಅವರಿಗೂ ಹೇಳಿಲ್ಲ. ಹೋದ ಸಲ ವಾರಗಟ್ಟಲೆ ಸರಿಯಾಗಿ ಊಟ ಮಾಡ್ಲಿಲ್ಲ ಅವರು. ಮೂರು ತಿಂಗಳು ದಾಟಲಿ ಅಂತ.”

“ನನ್ನ ಬಾಯಿಂದ ಹೊರಗೆ ಬೀಳಲ್ಲ, ಹೋಗೇ” ಅಂದೆ.

ಹತ್ತೇ ದಿನ. ಸೂಪರ್‌ವೈಸರು ಅವಳ ಅಂಗಿ ಹಿಡಿದುಕೊಂಡು ಬಂದರು. “ಏನಮ್ಮಾ ಇದು? ಅವಳು ಸುಮ್ನೆ ಕೂತಿದ್ರೂ ಬಡಿತ ಜಾಸ್ತಿ ತೋರಿಸ್ತಿದೆ. ನಿಮ್ಮ ಹೊಲಿಗೆ ಸರಿಯಿಲ್ಲ.”

ಹೌದು, ಸರಿಯಿಲ್ಲ ಅಂದಿದ್ದರೆ ಮುಗಿದಿತ್ತು. ಅಂಗಿಯಲ್ಲಿ ದೋಷವಿದೆಯೋ ಇಲ್ಲವೋ ಎಂದು ಸಹಿ ಹಾಕುವ ಅಧಿಕಾರವನ್ನು ತಮ್ಮ ಸುತ್ತೋಲೆಯೇ ನನಗೆ ಕೊಟ್ಟಿದೆಯಲ್ಲ! ಆದರೆ ನನ್ನ ಹೊಲಿಗೆಯನ್ನು ಹಳಿದರೆಂದು ಮೈ ಉರಿಯಿತು. “ಹೊಲಿಗೆಗೆ ಏನಾಗಿದೆ ಸಾರ್? ಬಸುರಿ ಎದೆ ಹಾಗೇ ಹೊಡ್ಕೊಳ್ಳೋದು!”

“ಓಹೋ” ಅಂದರು, ಅಷ್ಟೇ.

ಸಂಜೆಯೊಳಗೆ ಅವಳನ್ನು ‘ಸುರಕ್ಷತೆಯ ದೃಷ್ಟಿಯಿಂದ’ ಕೆಲಸದಿಂದ ಬಿಡಿಸಿದರು. ನಿಯಮದ ಪ್ರಕಾರ ಗಂಡನ ಮೊಬೈಲಿಗೂ ಸಂದೇಶ ಹೋಯಿತು. ತಾನು ಅಪ್ಪನಾಗುವ ಸುದ್ದಿ ಒಬ್ಬ ಮನುಷ್ಯನಿಗೆ ಲಾಂಡ್ರಿ ಕಚೇರಿಯಿಂದ ಬಂತು. ಇಷ್ಟು ಚುರುಕಾದ ಸೇವೆಗೆ ತಮ್ಮ ಇಲಾಖೆಯನ್ನು ಎಷ್ಟು ಹೊಗಳಿದರೂ ಸಾಲದು.

ಮರುದಿನ ಅವಳ ಮನೆಗೆ ಹೋದೆ. ಬಾಗಿಲು ತೆರೆದವಳೇ ಅತ್ತಳು. “ಹಾಳು ಅಂಗಿ ಹೇಳ್ಬಿಡ್ತು ಅಕ್ಕಾ. ‘ನನಗಿಂತ ಆಫೀಸಿನವರು ಹೆಚ್ಚಾದ್ರಾ’ ಅಂತ ಇವರು ಮಾತೇ ಆಡ್ತಿಲ್ಲ.”

ತಪ್ಪನ್ನು ಅಂಗಿಯ ಮೇಲೆ ಹಾಕಿ ಸುಮ್ಮನೆ ಬರಬಹುದಿತ್ತು. ಆಗಲಿಲ್ಲ. “ಅಂಗಿ ಅಲ್ಲ ಕಣೇ, ನಾನು” ಅಂದೆ. ಅವಳ ಅಳು ನಿಂತುಹೋಯಿತು. “ನಿಮ್ಮ ಹೊಲಿಗೆ ಚೆನ್ನಾಗಿದೆ ಬಿಡಿ” ಅಂದಳು. ಅದುವರೆಗೆ ಅವಳು ನನಗೆ ಬಹುವಚನ ಹಚ್ಚಿದ್ದಿಲ್ಲ. ಬಾಗಿಲು ಹಾಕಿಕೊಂಡಳು.

ಈಗ ಅವಳಿಗೆ ಏಳು ತಿಂಗಳು, ಮಗು ಚೆನ್ನಾಗಿದೆಯಂತೆ. ನನಗೆ ಹೇಳಿದವರು ಬೇರೆಯವರು.

ತಪ್ಪು ನಾಲಿಗೆಯದು, ಅಂಗಿಯದಲ್ಲ ಎಂದು ತಾವು ಹೇಳಬಹುದು. ಒಪ್ಪಿದೆ. ಆದರೆ ಅವಳ ಎದೆ ಯಾಕೆ ಹೊಡೆದುಕೊಳ್ಳುತ್ತಿದೆ ಎಂದು ನನ್ನನ್ನು ಕೇಳುವ ಹಕ್ಕು ಸೂಪರ್‌ವೈಸರಿಗೆ ಬಂದದ್ದೆಲ್ಲಿಂದ? ಸುರಕ್ಷತೆಯೇ ತಮ್ಮ ಉದ್ದೇಶವಾಗಿದ್ದರೆ ಅವಳನ್ನು ಬಿಸಿ ಇಸ್ತ್ರಿಯ ಮುಂದಿನಿಂದ ಎಬ್ಬಿಸಿ ಬೇರೆಡೆ ಕೂರಿಸಬೇಕಿತ್ತೋ, ಗೇಟಿನಾಚೆ ನಿಲ್ಲಿಸಬೇಕಿತ್ತೋ?

ಆ ಅಂಗಿಯನ್ನು ಪಟ್ಟಿಯಿಂದ ತೆಗೆಯಿರಿ. ಮೈಯ ಸುದ್ದಿ ಮೈಯುಳ್ಳವರಿಗೆ ಮಾತ್ರ ಹೋಗಲಿ. ಅವಳಿಗೆ ಕೆಲಸ ವಾಪಸು ಕೊಡಿಸಿ. ವಿಚಾರಣೆಗೆ ನನ್ನನ್ನೂ ಕರೆಯಿರಿ, ಬಂದು ಇದನ್ನೇ ಹೇಳುತ್ತೇನೆ. ಆದರೆ ನನ್ನೊಬ್ಬಳ ತಲೆಗೆ ಕಟ್ಟಿ ಕಡತ ಮುಚ್ಚಬೇಡಿ.

ಇಂತಿ,
ಕೆಲಸದಲ್ಲಿ ಒಂದು ತಪ್ಪನ್ನೂ ಮಾಡದ
ಒಬ್ಬ ಟೈಲರ್