ಎತ್ತಿದ್ದು ನಾನಲ್ಲ

ಅಕ್ಕಾ,

ಮಾತು ಬಿಟ್ಟು ಎರಡು ವರ್ಷವಾದ ಮೇಲೆ ಇದೇನು ಇವಳ ಕಾಗದ ಅಂತ ಹರಿದು ಹಾಕಬೇಡ. ನಿನ್ನದೊಂದು ಸಹಿ ಬೇಕು, ಅಷ್ಟೆ.

ಹೋದ ತಿಂಗಳು ಬಸ್ಸಿನಲ್ಲಿ ನನ್ನ ಫೋನ್ ಕಳುವಾಯಿತು. ಮೊಬೈಲ್ ಕಂಪನಿಯಿಂದ ಕರೆಗಳ ಪಟ್ಟಿ ತಂದರೇನೇ ಪರಿಹಾರ ಅಂದರು ವಿಮೆಯವರು. ಮೂರು ಸಲ ಅಲೆದು, ಕೌಂಟರಿನವಳ ಹತ್ತಿರ ಬೈಸಿಕೊಂಡು, ನಾನೂ ನಾಲ್ಕು ಮಾತು ಅಂದು, ಕೊನೆಗೂ ಮೊಹರು ಹಾಕಿಸಿ ತಂದೆ. ತಂದದ್ದೇ ತಪ್ಪಾಯಿತು. ಫೋನ್ ಹೋದದ್ದು ಬೆಳಿಗ್ಗೆ ಹತ್ತಕ್ಕೆ. ಪಟ್ಟಿ ನೋಡಿದರೆ, ಹತ್ತೂವರೆಗೆ ಒಂದು ಕರೆ ಬಂದಿದೆ, ಯಾರೋ ಎತ್ತಿದ್ದಾರೆ, ಆರು ನಿಮಿಷ ನಡೆದಿದೆ. ಯಾರ ನಂಬರ್ ಅಂತ ವಿಮೆಯವರು ಕೇಳಿದರು. ನಮ್ಮಕ್ಕನದು ಅಂದೆ.

"ಕಳುವಾದ ಫೋನಿನಲ್ಲಿ ಅಕ್ಕನ ಜೊತೆ ಹೇಗಮ್ಮ ಮಾತಾಡಿದೆ?" ಅಂತ ನನ್ನನ್ನೇ ಕಳ್ಳಿ ಮಾಡಿದರು.

ಎತ್ತಿದ್ದು ನಾನಲ್ಲ ಅಕ್ಕಾ. ನಾನಾಗಿದ್ದರೆ ಆರು ನಿಮಿಷ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೇ? ಆ ಕಳ್ಳ ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡಿರಬೇಕು. ಇವಳಿಗಿನ್ನೂ ಕೋಪ ಇಳಿದಿಲ್ಲ ಅಂದುಕೊಂಡು ನೀನು ಇಟ್ಟುಬಿಟ್ಟಿರಬೇಕು. ಮತ್ತೆ ಫೋನ್ ಮಾಡಲೂ ಇಲ್ಲ.

ಜೊತೆಗಿಟ್ಟಿರುವ ಹಾಳೆಯಲ್ಲಿ, "ಆ ಕಡೆಯಿಂದ ನನ್ನ ತಂಗಿಯ ದನಿ ಕೇಳಲಿಲ್ಲ" ಅಂತ ಬರೆದು ಸಹಿ ಹಾಕಿ ಕಳಿಸು. ಅಷ್ಟು ಹೊತ್ತು ನೀನೇನು ಹೇಳಿದೆ ಅನ್ನುವುದು ವಿಮೆಯವರಿಗೆ ಬೇಡವಂತೆ.

ಅದಕ್ಕೆ ಇನ್ನೊಂದು ಖಾಲಿ ಹಾಳೆ ಇಟ್ಟಿದ್ದೇನೆ. ಅದು ನನಗೆ.

ಇಂತಿ,
ನಿನ್ನ ಬಾಯಿಬಡುಕಿ